ಕೊಟ್ಟಿಗೆಯ ಉಪ್ಪು

ಇಂಗ್ಲಿಷಿನ ‘ಬಾರ್ನ್’ ಎಂಬ ಶಬ್ದವನ್ನು ಕನ್ನಡಕ್ಕೆ ತರುವಾಗ ‘ಕೊಟ್ಟಿಗೆ’ ಎಂದು ಬರೆಯುವುದು ವಾಡಿಕೆ. ಆದರೆ ಎರಡೂ ಒಂದೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಬಾರ್ಲಿ ಮತ್ತು ಮನೆ ಎಂಬ ಅರ್ಥದ ಎರಡು ಪದಗಳು ಕೂಡಿ ಆ ಶಬ್ದ ಹುಟ್ಟಿದೆ. ಅಲ್ಲಿ ಮೊದಲ ಸ್ಥಾನ ಕಾಳಿನದು. ದನಕರು ಬಂದದ್ದು ಆಮೇಲೆ. ನಮ್ಮ ಕಡೆ ಕಾಳಿಗೆ ಹಗೇವು, ಮೇವಿಗೆ ಬಣವೆ, ದನಕ್ಕೆ ಕೊಟ್ಟಿಗೆ ಎಂದು ಬೇರೆ ಬೇರೆ ವ್ಯವಸ್ಥೆಯಿತ್ತು. ಕೊಟ್ಟಿಗೆಯಲ್ಲಿ ದನದ ಜೊತೆಗೆ ಇನ್ನೊಬ್ಬರೂ ಇರುತ್ತಿದ್ದರು, ಅವರ ಮಾತು ಮುಂದೆ ಬರುತ್ತದೆ.

ಇಂಗ್ಲಿಷ್ ಎಂ.ಎ. ಓದುವ ಕಾಲದಲ್ಲಿ ಥಾಮಸ್ ಹಾರ್ಡಿಯ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ (1874) ಪಠ್ಯವಾಗಿತ್ತು. ಅದರಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ದೊಡ್ಡ ಕಣಜದ ವರ್ಣನೆಯೊಂದಿದೆ. ಚರ್ಚು, ಕೋಟೆಗಳು ತಾವು ಹುಟ್ಟಿದ ಉದ್ದೇಶವನ್ನು ಕಳೆದುಕೊಂಡು ನಿಂತಿರುವಾಗ, ಈ ಕಟ್ಟಡ ಮಾತ್ರ ಕಟ್ಟಿದಂದಿನ ಕೆಲಸವನ್ನೇ ಇಂದಿಗೂ ಮಾಡುತ್ತಿದೆ ಎಂಬುದು ಹಾರ್ಡಿಯ ಮೆಚ್ಚುಗೆ. ಅದನ್ನು ಓದಿದಾಗ ನಮ್ಮ ಊರಿನ ಕೊಟ್ಟಿಗೆಯಲ್ಲಿ ಇನ್ನೂ ಎರಡು ಜೋಡಿ ಎತ್ತುಗಳಿದ್ದವು. ಹಾರ್ಡಿಯ ಮಾತು ನಮಗೂ ಒಪ್ಪುತ್ತಿತ್ತು. ಇಂದು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಎತ್ತುಗಳಿಲ್ಲ, ಗೋದಲಿ ಬರಿದು, ಕಟ್ಟಡ ಮಾತ್ರ ಉಳಿದಿದೆ. ಉದ್ದೇಶ ಹೋದ ಮೇಲೆ ಉಳಿದ ಗೋಡೆಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಕಾದಂಬರಿಯಲ್ಲಿ ಉತ್ತರವಿಲ್ಲ. ಹಾರ್ಡಿಯ ಬದುಕಿನಲ್ಲಿ ಒಂದಿಷ್ಟಿದೆ. ಅವನು ಮೊದಲು ವಾಸ್ತುಶಿಲ್ಪಿ. ಯೌವನದಲ್ಲಿ ಹಳೆಯ ಚರ್ಚುಗಳ ‘ಜೀರ್ಣೋದ್ಧಾರ’ದಲ್ಲಿ ದುಡಿದವನು. ಆ ಹೆಸರಿನಲ್ಲಿ ಎಷ್ಟೊಂದು ಹಳತು ನಾಶವಾಯಿತೆಂದು 1906ರಲ್ಲಿ ಅವನೇ ಒಂದು ಪ್ರಬಂಧ ಬರೆದ. ವಿಲಿಯಂ ಮಾರಿಸ್ 1877ರಲ್ಲಿ ಹುಟ್ಟುಹಾಕಿದ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘಕ್ಕೆ ಅವನು ಸದಸ್ಯನೂ ಆಗಿದ್ದ. ಹಳೆಯದನ್ನು ಹೊಸತರಂತೆ ಮಾಡಬೇಡಿ, ಬೀಳದಂತೆ ನೋಡಿಕೊಳ್ಳಿ ಎಂಬುದು ಆ ಸಂಘದ ನಿಲುವು. ನಮ್ಮ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಸಿದ್ಧಾಂತ ಬೇಕಾಗಲಿಲ್ಲ.

ನಾವು, ಅಂದರೆ ಗಂಡಹೆಂಡಿರಿಬ್ಬರು, ಹೈದರಾಬಾದಿನಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಒಬ್ಬರಿಗೆ ಕೇಂದ್ರ ಸರ್ಕಾರದ ಕಚೇರಿಯ ಕೆಲಸ, ಇನ್ನೊಬ್ಬರಿಗೆ ಶಾಲೆಯ ಪಾಠ. ಬೀದರ್ ಜಿಲ್ಲೆಯ ನಮ್ಮ ಹಳ್ಳಿ ಜಹೀರಾಬಾದಿನ ದಾರಿಯಲ್ಲಿ ಸುಮಾರು 140 ಕಿಲೋಮೀಟರ್. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ರಾಜ್ಯದಲ್ಲಿದ್ದವು. ನಮ್ಮ ಮುತ್ಯಾನಿಗೆ ಹೈದರಾಬಾದು ರಾಜಧಾನಿ, ನಮಗೆ ಪರರಾಜ್ಯ. ದಾರಿ ಮಾತ್ರ ಅದೇ. 1985ರಿಂದ ಕೇಂದ್ರ ಸರ್ಕಾರದ ಕಚೇರಿಗಳಿಗೆ ವಾರಕ್ಕೆ ಐದೇ ದಿನ. ಆ ಎರಡು ದಿನಗಳ ಬಿಡುವಿಲ್ಲದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಹಿರಿಯರು ತೀರಿಕೊಂಡ ಮೇಲೆ ಪಾಲಾಯಿತು. ಮನೆ ಕಾಕಾನಿಗೆ ಹೋಯಿತು, ಹೊಲ ಮೂರು ತುಂಡಾಯಿತು. ನಮ್ಮ ಪಾಲಿನ ಹೊಲದ ಜೊತೆಗೆ ಊರಂಚಿನ ಅರ್ಧ ಎಕರೆ ಜಾಗ ಮತ್ತು ಅದರಲ್ಲಿದ್ದ ಕೊಟ್ಟಿಗೆ ನಮಗೆ ಬಂದವು. ಸರ್ಕಾರಿ ನೌಕರರು ಪ್ರತಿ ವರ್ಷ ಜನವರಿ 31ರೊಳಗೆ ಸ್ಥಿರಾಸ್ತಿಯ ವಿವರ ಸಲ್ಲಿಸಬೇಕಲ್ಲವೆ. ಆಸ್ತಿಯ ವಿವರ, ಪಡೆದ ಬಗೆ, ಈಗಿನ ಬೆಲೆ, ವಾರ್ಷಿಕ ಆದಾಯ ಎಂದು ಅದರಲ್ಲಿ ಕಲಮುಗಳು. ಪಡೆದ ಬಗೆ ‘ಪಿತ್ರಾರ್ಜಿತ’ ಎಂದು ಬರೆಯುವುದು ಸುಲಭವಾಯಿತು. ಬೆಲೆಯ ಕಲಮಿನ ಮುಂದೆ ಬಹಳ ಹೊತ್ತು ಕುಳಿತೆವು. ಊರಿನ ಲೆಕ್ಕದಲ್ಲಿ ಬೆಲೆ ಇದ್ದದ್ದು ಜಾಗಕ್ಕೆ. ಕೊಟ್ಟಿಗೆ ಅದರ ಮೇಲಿನ ಭಾರ, ಕೆಡವಲು ತಗಲುವ ಖರ್ಚು.

ಕಟ್ಟಡ ಇದ್ದದ್ದು ಹೀಗೆ. ಉದ್ದ 36 ಅಡಿ, ಅಗಲ 18 ಅಡಿ; ನಮ್ಮ ಕಡೆಯ ಮಾತಿನಲ್ಲಿ ಆರು ಅಂಕಣ. ಎರಡು ಅಡಿ ದಪ್ಪದ ಗೋಡೆ, ಬೀದರಿನ ಕೆಂಪು ಜಂಬಿಟ್ಟಿಗೆಯ ಕಲ್ಲು, ನಡುವೆ ಮಣ್ಣಿನ ಕೆಸರು. ಬೇವು ಮತ್ತು ಜಾಲಿಯ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ತಪ್ಪಲು, ಎಲ್ಲಕ್ಕೂ ಮೇಲೆ ಒಂದಡಿ ಮಣ್ಣು. ಒಳಗೆ ಎರಡು ಬದಿಗೂ ಗೋದಲಿ, ನಡುವೆ ಇಳಿಜಾರಾದ ನೆಲ, ತುದಿಯಲ್ಲಿ ಗಂಜಲ ಹರಿಯುವ ಕಾಲುವೆ. ಮಾಳಿಗೆಯ ಒಂದು ಮೂಲೆ ಯಾವುದೋ ಮಳೆಗಾಲದಲ್ಲಿ ಕುಸಿದು ಆಕಾಶ ಕಾಣುತ್ತಿತ್ತು.

ಕಾಕಾನ ಮಗನ ಅಭಿಪ್ರಾಯ ಸ್ಪಷ್ಟವಾಗಿತ್ತು. ‘ದನ ಕಟ್ಟೋ ಜಾಗದಾಗ ಮಲಗಲಾಕ ಇಷ್ಟು ರೊಕ್ಕ ಯಾಕ ಹಾಕ್ತೀರಿ? ಕೆಡವ್ರಿ. ಎರಡು ತಿಂಗಳದಾಗ ಸ್ಲ್ಯಾಬ್ ಹಾಕಿಸಿ ಕೊಡ್ತೀನಿ.’ ಅವನ ಮಾತಿನಲ್ಲಿ ವ್ಯವಹಾರಜ್ಞಾನವಿತ್ತು, ಪ್ರೀತಿಯೂ ಇತ್ತು. ನಮ್ಮ ಆಯ್ಕೆಗೆ ಕಾರಣ ಬರಿಯ ಭಾವುಕತೆಯಲ್ಲ. ನಿಂತಿರುವ ಗೋಡೆಯಲ್ಲಿ ಆಗಲೇ ಖರ್ಚಾದ ಶ್ರಮವಿದೆ, ಅಗೆದ ಕಲ್ಲಿದೆ. ಕೆಡವಿದರೆ ಎರಡೂ ವ್ಯರ್ಥ, ಮೇಲೆ ಹೊಸ ಸಿಮೆಂಟಿನ ಹೊರೆ. ಜಗತ್ತು ಹೊರಹಾಕುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಲಾರಿ ಬೇಕರ್ ಜೀವನವಿಡೀ ಹೇಳಿದ್ದೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರ ಮಣ್ಣಿನ ಇಟ್ಟಿಗೆಗಳ ಮೂಲಕ ತೋರಿಸಿದ್ದೂ ಇದನ್ನೇ: ಹತ್ತಿರದಲ್ಲಿ ಸಿಗುವುದರಿಂದ ಕಟ್ಟು, ಸುಡಬೇಕಾದುದನ್ನು ಕಡಿಮೆ ಬಳಸು.

ಕಲ್ಲಿನ ವಿಷಯದಲ್ಲಿ ನಾವು ಅದೃಷ್ಟವಂತರು. ಬೀದರಿನ ಪ್ರಸ್ಥಭೂಮಿಯೇ ಜಂಬಿಟ್ಟಿಗೆಯ ಹೊದಿಕೆ. ನೆಲದಿಂದ ತೆಗೆದಾಗ ಮೆತ್ತಗೆ, ಕೊಡಲಿಯಂಥ ಉಪಕರಣದಿಂದ ಕಡಿಯಬಹುದು; ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1800ರಲ್ಲಿ ಮಲಬಾರಿನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ‘ಲ್ಯಾಟರೈಟ್’ ಎಂದು ಕರೆದ. ಅದು ರಂಧ್ರಮಯ, ನೀರನ್ನು ಒಳಗೆ ಬಿಡುತ್ತದೆ. ಬಹಮನಿಗಳ ಕಾಲದ ನೌಬಾದಿನ ಸುರಂಗ ಬಾವಿಗೆ ನೀರು ಒದಗಿದ್ದು ಈ ಗುಣದಿಂದಲೇ. ನಮ್ಮ ಗೋಡೆಗೆ ರೋಗ ಹತ್ತಿದ್ದೂ ಇದೇ ಗುಣದಿಂದ.

ಆ ರೋಗದ ಹೆಸರು ಉಪ್ಪು. ಗೋಡೆಯ ಮೇಲೆ ನಾಲ್ಕೈದು ಅಡಿ ಎತ್ತರದವರೆಗೂ ಬಿಳಿಯ ಹುಡಿ ಅರಳಿತ್ತು. ಕೈಯಿಟ್ಟರೆ ಕಲ್ಲು ಪುಡಿಯಾಗಿ ಉದುರುತ್ತಿತ್ತು. ದನದ ಮೂತ್ರದಲ್ಲಿರುವ ಯೂರಿಯಾ ನೆಲದಲ್ಲಿ ಅಮೋನಿಯಾ ಆಗುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ತೇವದಲ್ಲಿ ಕರಗಿ ಗೋಡೆಯೊಳಗೆ ಏರುತ್ತದೆ. ತೇವ ಆರಿದ ಕಡೆ ಹರಳಾಗಿ ಬೆಳೆದು ಕಲ್ಲಿನ ರಂಧ್ರಗಳನ್ನು ಒಳಗಿನಿಂದ ಸೀಳುತ್ತದೆ. ಹಿಂದಿನ ಕಾಲದಲ್ಲಿ ಇಂಥ ಉಪ್ಪುಮಣ್ಣನ್ನು ತೊಳೆದು, ಬೂದಿಯ ನೀರಿನೊಡನೆ ಕಾಯಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ತೋಪಿನ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಬೀದರ್ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಮಲಗಿರುವ ತೋಪುಗಳನ್ನು ನೋಡಿದಾಗ, ಅವುಗಳ ಗರ್ಜನೆಯ ಹಿಂದೆ ದನಗಳ ನೆಲವೂ ಇತ್ತೆಂಬುದು ನಮಗೆ ಹೊಳೆದಿರಲಿಲ್ಲ.

ಹಿಂದೆಂದೋ ಯಾರೋ ಗೋಡೆಯ ಬುಡಕ್ಕೆ ಮೂರಡಿ ಎತ್ತರ ಸಿಮೆಂಟ್ ಮೆತ್ತಿಸಿದ್ದರು. ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಸಿಮೆಂಟಿನ ಹಿಂದೆಯೇ ಮೇಲೇರಿ, ಸಿಮೆಂಟ್ ಮುಗಿದ ಗೆರೆಯಲ್ಲಿ ಕಲ್ಲನ್ನು ತಿಂದಿತ್ತು. ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿತ್ತು. ಪಕ್ಕದ ಊರಿನಿಂದ ನಾವು ಕರೆತಂದ ಮುದುಕ ಗೌಂಡಿ ಅದನ್ನು ಬೆರಳಿನಿಂದ ಬಡಿದು, ಟೊಳ್ಳು ಸದ್ದು ಕೇಳಿ, ‘ಇದು ತೆಗೀರಿ ಮೊದ್ಲ. ಗೋಡಿಗಿ ಉಸುರಾಡ್ಲಾಕ ಬಿಡ್ರಿ’ ಎಂದರು. ಗಚ್ಚಿನ ಕೆಲಸ ಗೊತ್ತಿದ್ದವರು ಆ ಸುತ್ತಿನಲ್ಲಿ ಅವರೊಬ್ಬರೇ. ಎಳೆಯ ವಯಸ್ಸಿನಲ್ಲಿ ತಂದೆಯ ಜೊತೆ ಕಲಿತದ್ದು. ಆಮೇಲೆ ನಲವತ್ತು ವರ್ಷ ಯಾರೂ ಕೇಳಲಿಲ್ಲವಂತೆ.

ಮೊದಲ ಬೇಸಿಗೆಯಿಡೀ ನಾವು ಏನನ್ನೂ ಕಟ್ಟಲಿಲ್ಲ, ತೆಗೆದೆವು ಅಷ್ಟೆ. ಒಳನೆಲವನ್ನು ಒಂದೂವರೆ ಅಡಿ ಅಗೆದೆವು. ಹತ್ತು ಟ್ರಾಲಿಯಷ್ಟು ಮಣ್ಣು ಬಂತು. ಗೋಡೆಗೆ ವಿಷವಾದದ್ದು ಹೊಲಕ್ಕೆ ಗೊಬ್ಬರ. ಸುದ್ದಿ ಹರಡಿದ್ದೇ ತಡ ಕೇಳಿದವರೆಲ್ಲ ಬಂದು ಒಯ್ದರು. ಬಳಿಕ ಗೋಡೆಗೆ ಹೊಟ್ಟು ಬೆರೆಸಿದ ಮಣ್ಣಿನ ಲೇಪ ಹಾಕಿ, ಆರಿದ ಮೇಲೆ ಕೆರೆದು ದೂರ ಚೆಲ್ಲಿದೆವು. ಲೇಪ ಆರುವಾಗ ಕಲ್ಲಿನೊಳಗಿನ ಉಪ್ಪು ಅದಕ್ಕೆ ಬರುತ್ತದೆ. ಮೂರು ಸಲ ಹೀಗೆ. ಮೂರನೆಯ ಸಲ ಲೇಪದ ಮೇಲೆ ಬಿಳುಪು ತೆಳುವಾಯಿತು, ಇಲ್ಲವಾಗಲಿಲ್ಲ. ಮೂರು ತಲೆಮಾರಿನ ಉಪ್ಪು ಒಂದು ಬೇಸಿಗೆಯಲ್ಲಿ ತೀರುವ ಋಣವಲ್ಲ ಎಂಬುದನ್ನು ಒಪ್ಪಿಕೊಂಡು ಸುಣ್ಣಕ್ಕೆ ಹೋದೆವು.

ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಕುದಿಯುತ್ತದೆ. ಕಣ್ಣು, ಕೈ ಜೋಪಾನ. ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಅದಕ್ಕೆ ಮರಳು, ಇಟ್ಟಿಗೆಯ ಪುಡಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಕೂಡಿಸಿ ಅರೆಯಬೇಕು. ಸುಣ್ಣದ ಕಲ್ಲನ್ನು ಸುಡಲು ಸುಮಾರು 900 ಡಿಗ್ರಿ ಶಾಖ ಬೇಕು, ಆಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗೋಡೆಯ ಮೇಲೆ ಆರುವಾಗ ಅದೇ ಅನಿಲವನ್ನು ಗಾಳಿಯಿಂದ ಹೀರಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ಭಟ್ಟಿಯ ಇಂಧನದ ಹೊಗೆ ಹಿಂದಿರುಗುವುದಿಲ್ಲ, ಆದ್ದರಿಂದ ಸುಣ್ಣ ಪೂರ್ತಿ ನಿಷ್ಪಾಪಿಯಲ್ಲ. ನಮಗೆ ಅದರ ದೊಡ್ಡ ಗುಣ ಬೇರೆ: ಅದು ಕಲ್ಲಿಗಿಂತ ಮೆದು. ಉಳಿದ ಉಪ್ಪು ಮುಂದೆ ಬಂದರೆ ಗಿಲಾವನ್ನು ತಿನ್ನುತ್ತದೆ, ಕಲ್ಲನ್ನು ಬಿಡುತ್ತದೆ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಗಿಲಾವು ಬದಲಿಸಬೇಕು. ತಾನು ಸವೆದು ಗೋಡೆಯನ್ನು ಉಳಿಸುವುದೇ ಅದರ ಕೆಲಸ.

ನೆಲಕ್ಕೆ ತಳದಲ್ಲಿ ಕಲ್ಲಿನ ಚೂರುಗಳ ಪದರ ಹರಡಿದೆವು. ತೇವ ಅದನ್ನು ದಾಟಿ ಏರುವುದಿಲ್ಲ. ಮೇಲೆ ಸುಣ್ಣದ ಗಚ್ಚು, ಅದರ ಮೇಲೆ ಶಹಾಬಾದಿನ ಪರಸಿ. ಗಂಜಲದ ಕಾಲುವೆಯನ್ನು ಹಾಗೆಯೇ ಉಳಿಸಿದ್ದರಿಂದ ನೆಲ ತೊಳೆದ ನೀರು ಈಗಲೂ ಅದೇ ದಾರಿಯಲ್ಲಿ ಹೊರಗಿನ ಬಾಳೆಗೆ ಹೋಗುತ್ತದೆ.

ಮಾಳಿಗೆಯ ವಿಷಯ ಬಂದಾಗ ಹಳತರ ಮೇಲಿನ ನಮ್ಮ ಪ್ರೀತಿಗೆ ಒಂದು ಮಿತಿ ಹಾಕಿಕೊಳ್ಳಬೇಕಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಮ್ಮ ಊರಿನಿಂದ ಅದು ಸುಮಾರು 100 ಕಿಲೋಮೀಟರ್. ಗಣಪತಿಯನ್ನು ಕಳಿಸಿ ಬಂದು ಮಲಗಿದ ಜನ ಏಳಲಿಲ್ಲ. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪ. ಅಷ್ಟು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಮಣ್ಣಿನ ಮಾಳಿಗೆಯ ಭಾರ. ಅಂದರೆ ನಮ್ಮ ಕೊಟ್ಟಿಗೆಯಂಥದೇ ಕಟ್ಟಡ. ಲೆಕ್ಕ ಹಾಕಿದೆವು: 648 ಚದರಡಿಯ ಮೇಲೆ ಒಂದಡಿ ಮಣ್ಣೆಂದರೆ ಸುಮಾರು 30 ಟನ್. ಮಕ್ಕಳು ಮಲಗುವ ಕೋಣೆಯ ಮೇಲೆ ಅದನ್ನು ಮತ್ತೆ ಹೇರುವುದು ಸಾಧ್ಯವಿರಲಿಲ್ಲ.

ದುರ್ಬಲ ಕಲ್ಲುಗೋಡೆಗಳನ್ನು ಭೂಕಂಪಕ್ಕೆ ಸಿದ್ಧಗೊಳಿಸುವ ಬಗ್ಗೆ ಭಾರತೀಯ ಮಾನಕ ಸಂಸ್ಥೆಯ 13828 ಸಂಖ್ಯೆಯ ಮಾರ್ಗಸೂಚಿಯಿದೆ, ಅದೂ 1993ರದೇ. ಒಬ್ಬ ಎಂಜಿನಿಯರ್ ಮಿತ್ರರು ಅದನ್ನು ಎದುರಿಗಿಟ್ಟುಕೊಂಡು ನಮಗೆ ದಾರಿ ತೋರಿದರು. ದಪ್ಪ ಗೋಡೆಯ ಎರಡು ಮೈಗಳು ಬೇರೆಬೇರೆಯಾಗಿ ಉಬ್ಬಿ ಬೀಳದಂತೆ ಅಲ್ಲಲ್ಲಿ ಗೋಡೆಯ ಆಚೀಚೆಗೂ ತಲುಪುವ ಉದ್ದ ಕಲ್ಲುಗಳನ್ನು ಹಾಯಿಸಿದೆವು. ಬಾಗಿಲಿನ ಮೇಲ್ಮಟ್ಟದಲ್ಲಿಯೂ ಮಾಳಿಗೆಯ ಕೆಳಗೂ ನಾಲ್ಕು ಗೋಡೆಗಳನ್ನು ಸುತ್ತಿ ಕಟ್ಟುವ ಕಬ್ಬಿಣ ಮತ್ತು ಕಾಂಕ್ರೀಟಿನ ಪಟ್ಟಿ ಬಂತು. ಇಲ್ಲಿ ಸಿಮೆಂಟ್ ಬಳಸಿದೆವು. ಸಿಮೆಂಟಿಗೂ ಒಂದು ಸ್ಥಾನವಿದೆ; ಅದು ಗೋಡೆಯ ಮೈಗೆ ಮೆತ್ತುವಲ್ಲಿ ಅಲ್ಲ, ಸೊಂಟಕ್ಕೆ ಕಟ್ಟುವಲ್ಲಿ. ಮಾಳಿಗೆಯ ಮಣ್ಣನ್ನು 12 ಅಂಗುಲದಿಂದ 4 ಅಂಗುಲಕ್ಕೆ ಇಳಿಸಿ, ಮೇಲೆ ತೆಳುವಾದ ಸುಣ್ಣದ ಗಚ್ಚು ಹಾಕಿದೆವು. 30 ಟನ್ 10ಕ್ಕೆ ಇಳಿಯಿತು. ಅದರಿಂದ ಹೆಚ್ಚುವ ಬಿಸಿಲಿನ ಕಾವಿಗೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ತೊಗರಿ ಕಟ್ಟಿಗೆಯ ಹಂದರ ಹಾಕುತ್ತೇವೆ.

ಗೆದ್ದಲು ತಿಂದ ಐದು ತೊಲೆಗಳಿಗೆ ಬದಲಿ ಬೇಕಾಗಿತ್ತು. ಹಳೆಯ ಮರಮಟ್ಟು ಮಾರುವ ಅಡತಿಗೆ ಹೋದೆವು. ಅಲ್ಲಿ ಕೆತ್ತನೆಯ ಕಂಬ, ಬಾಗಿಲ ಚೌಕಟ್ಟು, ಜಂತಿಗಳು ರಾಶಿ ಬಿದ್ದಿದ್ದವು. ಒಂದು ತೊಲೆಯ ಬದಿಯಲ್ಲಿ ಯಾರೋ ಸೀಮೆಸುಣ್ಣದಲ್ಲಿ ಬರೆದ ಹಾಲಿನ ಲೆಕ್ಕ ಅಳಿಸಿರಲಿಲ್ಲ. ಹೊಸ ಮರ ಕಡಿಯಲಿಲ್ಲವೆಂಬ ಸಮಾಧಾನದ ಜೊತೆಗೇ ಇನ್ನೊಂದು ಸತ್ಯವೂ ಅಲ್ಲಿತ್ತು. ನಮ್ಮ ಕೊಟ್ಟಿಗೆ ನಿಲ್ಲಲು ಬೇಕಾದ ತೊಲೆ ಸಿಕ್ಕಿದ್ದು ಇನ್ನೊಬ್ಬರ ಮನೆ ಬಿದ್ದದ್ದರಿಂದ. ಮರುಬಳಕೆ ಎಂಬ ಚಂದದ ಮಾತಿನ ಕೆಳಗೆ ಇಂಥ ಎಷ್ಟೋ ಮನೆಗಳ ಪಾಯವಿದೆ.

ಇನ್ನು, ಕೊಟ್ಟಿಗೆಯಲ್ಲಿ ದನದ ಜೊತೆಗಿದ್ದವರ ಮಾತು. ನಮ್ಮ ಮನೆಯಲ್ಲಿ ವರ್ಷಕ್ಕೆ ಇಷ್ಟು ಜೋಳ, ಇಷ್ಟು ರೊಕ್ಕ ಎಂದು ಗೊತ್ತುಮಾಡಿ ಇಟ್ಟುಕೊಂಡ ಸಂಬಳದಾಳು ಒಬ್ಬರಿದ್ದರು. ತಂದೆ ಮಾಡಿದ ಸಾಲಕ್ಕಾಗಿ ಎಳೆಯ ವಯಸ್ಸಿನಲ್ಲೇ ದುಡಿಯಲು ಬಂದವರು. ಜೀತವನ್ನು ರದ್ದುಗೊಳಿಸಿದ ಕಾನೂನು 1976ರಲ್ಲಿ ಬಂತು. ನಮ್ಮ ಹಟ್ಟಿಗೆ ಅದು ತಲುಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಈಗ ಅವರಿಗೆ ಎಪ್ಪತ್ತು ದಾಟಿದೆ. ಊರಿನ ಮಕ್ಕಳಂತೆ ನಾವೂ ಅವರನ್ನು ಮುತ್ಯಾ ಎನ್ನುತ್ತೇವೆ. ಬಾಲ್ಯದಲ್ಲಿ ನಮ್ಮಲ್ಲೊಬ್ಬರು ಅವರನ್ನು ಏಕವಚನದಲ್ಲಿ ಹೆಸರು ಹಿಡಿದು ಕರೆಯುವುದನ್ನೇ ಮನೆಯಲ್ಲಿ ಕೇಳಿ ಬೆಳೆದದ್ದು. ‘ಮುತ್ಯಾ’ ಎಂಬ ಮಾತು ಬಾಯಿಗೆ ಬರುವಾಗ ಆ ಹಳೆಯ ದನಿಯೂ ಕಿವಿಯಲ್ಲಿರುತ್ತದೆ.

ಒಂದು ಶನಿವಾರ ಅವರು ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಒಳಗೆ ಕರೆದೆವು. ಬಹಳ ಹೊತ್ತು ಮೇಲೆ ನೋಡಿದರು. ‘ಎಲ್ಲಿ ಮಲ್ಕೋತೀರಿ?’ ಎಂದು ಕೇಳಿದರು. ಬಾಗಿಲಿನ ಎಡದ ಮೂಲೆ ತೋರಿಸಿದೆವು. ಬೆಳಗಿನ ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ. ಅವರು ತಲೆಯಾಡಿಸಿದರು.

‘ಅಲ್ಲಿ ಬ್ಯಾಡ್ರೀ. ಅದು ಸೋರೋ ಜಾಗ ಅದ. ಹದಿನಾಲ್ಕ್ ಮಳಿಗಾಲ ನಾ ಅಲ್ಲೇ ಮಲ್ಗೀನಿ.’

ಆ ಮಾತಿನಲ್ಲಿ ದೂರಿರಲಿಲ್ಲ. ಕಟ್ಟಡದ ಬಗ್ಗೆ ತಿಳಿದವರು ತಿಳಿಯದವರಿಗೆ ಹೇಳುವ ಧಾಟಿಯಿತ್ತು. ಬಡಗಣ ಗಾಳಿಮಳೆ ಬಂದರೆ ಯಾವ ಜಂತಿಯ ಸಂದಿನಲ್ಲಿ ನೀರು ಇಳಿಯುತ್ತದೆ, ಯಾವ ಕಂಬದ ಬುಡದಲ್ಲಿ ಮೊದಲು ತೇವ ಏಳುತ್ತದೆ, ಯಾವ ಗೋಡೆಯ ಸಂದಿನಿಂದ ಹಾವು ಬರುತ್ತದೆ ಎಂದು ಅವರು ಕೋಲಿನಿಂದ ತೋರಿಸುತ್ತ ಹೋದರು. ಎಂಜಿನಿಯರ್ ಮಿತ್ರರು ಅದನ್ನೆಲ್ಲ ನಕ್ಷೆಯ ಮೇಲೆ ಗುರುತು ಮಾಡಿಕೊಂಡರು. ಮಾಳಿಗೆಯ ಇಳಿಜಾರನ್ನು ತೆಂಕಣದಿಂದ ಮೂಡಣಕ್ಕೆ ತಿರುಗಿಸಿದ್ದು ಆ ಗುರುತುಗಳಿಂದ. ನಾವು ದುಡ್ಡು ಕೊಟ್ಟು ಪಡೆಯಬೇಕಿದ್ದ ಜ್ಞಾನವನ್ನು ಅವರು ಮಲಗಲು ಬೇರೆ ಜಾಗವಿಲ್ಲದ ರಾತ್ರಿಗಳಲ್ಲಿ ಗಳಿಸಿದ್ದರು. ಕಿಲ್ಲಾರಿಯ ರಾತ್ರಿ ಅವರು ತಮ್ಮ ತಗಡಿನ ಗುಡಿಸಲಿನಲ್ಲಿದ್ದರಂತೆ. ತಗಡು ಸದ್ದು ಮಾಡಿತೇ ಹೊರತು ಬೀಳಲಿಲ್ಲ. ಕಿಲ್ಲಾರಿಯಲ್ಲಿಯೂ ಕಂಬ ನಿಲ್ಲಿಸಿ ಹುಲ್ಲು ಹೊದಿಸಿದ ಹಗುರ ಗುಡಿಸಲುಗಳು ಉಳಿದು, ಕಲ್ಲಿನ ವಾಡೆಗಳು ಕುಸಿದವು ಎಂಬುದು ದಾಖಲಾದ ಸಂಗತಿ.

ಅಂದಿನಿಂದ ಕೆಲಸ ಮುಗಿಯುವವರೆಗೆ ಮುತ್ಯಾ ಮೇಲ್ವಿಚಾರಣೆಗೆ ಬಂದರು. ಗೌಂಡಿಯ ದಿನಗೂಲಿಯಷ್ಟನ್ನೇ ಅವರಿಗೂ ಕೊಟ್ಟೆವು. ಇದು ಹಳೆಯ ಲೆಕ್ಕ ಚುಕ್ತಾ ಮಾಡುವ ಮೊತ್ತವೆಂದು ನಾವು ಭಾವಿಸಿಲ್ಲ, ಅವರೂ ಭಾವಿಸಿರಲಾರರು. ಗೋದಲಿಯನ್ನು ಕಪಾಟು ಮಾಡಿ ಪುಸ್ತಕ ಇಡುವ ಯೋಚನೆ ನಮಗಿತ್ತು. ಪೇಟೆಯ ಮಿತ್ರರಿಗೆಲ್ಲ ಅದು ಬಹಳ ಹಿಡಿಸಿತ್ತು. ಮುತ್ಯಾ ಅದನ್ನು ಕೇಳಿ ನಕ್ಕರು. ‘ಪುಸ್ತಕ ಇಡ್ರಿ. ಹೊಟ್ಟಿಗಿ ಹಾಕೋದೇ ಅದೂ’ ಎಂದರು.

ಅವರು ನಮ್ಮನ್ನು ಕೇಳಿದ್ದು ಒಂದೇ: ‘ದಾರಿ ಇರ್ತದೇನ್ರಿ?’

ನಮ್ಮ ಅರ್ಧ ಎಕರೆಯ ಮೂಡಣ ಬದಿಯಲ್ಲಿ ಒಂದು ಕಾಲುದಾರಿಯಿದೆ. ಹಿಂದಿನ ಓಣಿಯ ಹದಿನೈದಿಪ್ಪತ್ತು ಮನೆಯವರು ನೀರಿಗೂ ರಸ್ತೆಗೂ ಬರುವುದು ಅದರಿಂದಲೇ. ದನ ಕಟ್ಟುವ ಜಾಗವಾಗಿದ್ದಾಗ ಅದಕ್ಕೆ ಬೇಲಿಯಿರಲಿಲ್ಲ. ವಾರಾಂತ್ಯದ ಮನೆಯೆಂದ ಮೇಲೆ ಕಂಪೌಂಡು ಬರುವುದು ಸಹಜವೆಂದು ಎಲ್ಲರೂ ಎಣಿಸಿದ್ದರು. ಅಳತೆಗೆ ಬಂದವರು ಮೊದಲು ಗೋಡೆ ಹಾಕಿರಿ ಎಂದರು. ಕಾಕಾನ ಮಗನೂ ಅದನ್ನೇ ಒತ್ತಿ ಹೇಳಿದ: ‘ದಾರಿ ಬಿಟ್ರ ನಾಳಿ ಹಕ್ಕ ಕೇಳ್ತಾರ. ನಿಮ್ಮದು ಹೋದ್ರ ಬಾಜೂಕ ನಮ್ಮದೂ ಹೋಗ್ತದ.’ ಕಾನೂನಿನ ಪ್ರಕಾರ ಅವನ ಆತಂಕ ಸುಳ್ಳಲ್ಲ. 1882ರ ಅನುಭೋಗ ಹಕ್ಕುಗಳ ಅಧಿನಿಯಮದಂತೆ ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿ ಬಳಸಿದವರಿಗೆ ಸಲ್ಲುತ್ತದೆ. ಆ ಓಣಿಯವರು ನಮ್ಮ ಮುತ್ಯಾನ ಕಾಲದಿಂದ ನಡೆಯುತ್ತಿದ್ದಾರೆ.

ಹಲವು ರಾತ್ರಿ ಮಾತಾಡಿಕೊಂಡೆವು. ಸಿಮೆಂಟ್ ಉಳಿಸಿದೆವು, ಮರ ಉಳಿಸಿದೆವು, ಮಳೆನೀರು ಹಿಡಿದೆವು ಎಂದು ಹೇಳಿಕೊಳ್ಳುವ ಮನೆ ಇಪ್ಪತ್ತು ಮನೆಯ ಹೆಂಗಸರನ್ನು ಕೊಡ ಹೊತ್ತು ಅರ್ಧ ಮೈಲಿ ಸುತ್ತಿಸುವುದಾದರೆ ಅದರ ಸುಸ್ಥಿರತೆ ಯಾರ ಪಾಲಿನದು? ಕೊನೆಗೆ ಎಂಟಡಿ ಅಗಲದ ದಾರಿಯನ್ನು ಕಾಗದದಲ್ಲಿ ಬರೆದು ನೋಂದಾಯಿಸಿದೆವು. ಕಾಕಾನ ಮಗ ಮನೆಯ ಪ್ರವೇಶಕ್ಕೆ ಬರಲಿಲ್ಲ. ಈಗ ಎರಡು ವರ್ಷವಾಯಿತು. ಎದುರಾದರೆ ಮಕ್ಕಳ ಓದಿನ ಬಗ್ಗೆ ಕೇಳುತ್ತಾನೆ, ಹೊಸ್ತಿಲು ದಾಟುವುದಿಲ್ಲ. ಕಾಕೂ ಮಾತ್ರ ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ನಾವು ಪಾತ್ರೆ ತಿರುಗಿ ಕಳಿಸುವಾಗ ಖಾಲಿ ಕಳಿಸುವುದಿಲ್ಲ. ಸದ್ಯಕ್ಕೆ ಸಂಬಂಧ ನಿಂತಿರುವುದು ಆ ಪಾತ್ರೆಯ ಮೇಲೆ.

ವಾರಾಂತ್ಯದ ಮನೆಯ ಇನ್ನೊಂದು ತೊಡಕನ್ನೂ ಹೇಳಬೇಕು. ಏಳು ದಿನಗಳಲ್ಲಿ ಎರಡೇ ದಿನ ಬಳಸುವ ಮನೆ, ಎಷ್ಟೇ ಸುಣ್ಣದಲ್ಲಿ ಕಟ್ಟಿದರೂ, ಐದು ದಿನ ವ್ಯರ್ಥವೇ. ಅದಕ್ಕಾಗಿ ಆರು ಅಂಕಣದಲ್ಲಿ ನಾಲ್ಕಕ್ಕೆ ಮಾತ್ರ ಬಾಗಿಲು ಹಾಕಿದ್ದೇವೆ. ಮುಂದಿನ ಎರಡು ಅಂಕಣ ತೆರೆದ ಪಡಸಾಲೆ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ ಯಾರದೋ ತೊಗರಿ ಒಣಗುತ್ತದೆ, ಮಳೆ ಬಂದರೆ ಮುತ್ಯಾನ ಮೊಮ್ಮಗನ ಆಡುಗಳು ನಿಲ್ಲುತ್ತವೆ. ಶನಿವಾರ ನಾವು ಬಂದಾಗ ಒಮ್ಮೊಮ್ಮೆ ಹಿಕ್ಕೆ ಗುಡಿಸಬೇಕಾಗುತ್ತದೆ. ಕಟ್ಟಡ ಪೂರ್ತಿ ನಿವೃತ್ತವಾಗಿಲ್ಲ ಎಂದು ಆಗ ಅನ್ನಿಸುತ್ತದೆ.

ಖರ್ಚಿನ ಬಗ್ಗೆ ಮಿತ್ರರು ಕೇಳುತ್ತಾರೆ. ಸ್ಲ್ಯಾಬಿನ ಮನೆಗಿಂತ ಕಡಿಮೆಯೇನೂ ಆಗಲಿಲ್ಲ, ಕಾಲವಂತೂ ಎರಡು ತಿಂಗಳ ಬದಲು ಎರಡೂವರೆ ವರ್ಷ ಹಿಡಿಯಿತು. ಆದರೆ ಹಣದ ಬಹುಪಾಲು ಸಾಮಾನಿಗಲ್ಲ, ಕೂಲಿಗೆ ಹೋಯಿತು. ಆ ಸುತ್ತಿನ ಮನೆಗಳಲ್ಲೇ ಉಳಿಯಿತು. ಗೌಂಡಿಯ ಕೈಕೆಳಗೆ ಇಬ್ಬರು ಹುಡುಗರು ಗಚ್ಚು ಅರೆಯುವುದನ್ನು ಕಲಿತರು. ಅವರಿಗೆ ಈ ಕೆಲಸ ಕೊಡುವ ಇನ್ನೊಂದು ಮನೆ ಸಿಕ್ಕೀತೇ ಎಂಬುದು ಊರಿಗಿಂತ ಹೆಚ್ಚಾಗಿ ನಮ್ಮಂತೆ ಊರು ಬಿಟ್ಟವರನ್ನು ಅವಲಂಬಿಸಿದೆ.

ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿರುವ ಓದುಗರಲ್ಲಿ ಅನೇಕರಿಗೆ ಊರಲ್ಲಿ ಬೀಗ ಹಾಕಿದ ಇಂಥದೊಂದು ಕಟ್ಟಡವಿರಬಹುದು. ಅದನ್ನು ಮುಟ್ಟುವ ಮೊದಲು ಒಂದು ಮಳೆಗಾಲ ಸುಮ್ಮನೆ ನೋಡಿರಿ ಎಂಬುದಷ್ಟೇ ನಮ್ಮ ಸಲಹೆ. ನೀರು ಎಲ್ಲಿ ಇಳಿಯುತ್ತದೆ, ತೇವ ಎಷ್ಟು ಎತ್ತರ ಏರುತ್ತದೆ ಎಂದು ಗುರುತು ಹಾಕಿಕೊಳ್ಳಿರಿ. ಗೋಡೆಗೆ ಏನು ಮೆತ್ತಬೇಕೆಂದು ಕೇಳುವ ಮುನ್ನ ಅದರೊಳಗೆ ಏನು ಸೇರಿದೆಯೆಂದು ಕೇಳಿರಿ. ಅಲ್ಲಿ ಮಲಗಿದ್ದವರು ಯಾರಾದರೂ ಬದುಕಿದ್ದರೆ ಅವರನ್ನು ಕರೆದು ಕೂರಿಸಿರಿ. ನಕ್ಷೆ ಆಮೇಲೆ ಬರಲಿ.

ನಮ್ಮ ಗೋಡೆಯ ಬಡಗಣ ಮೂಲೆಯಲ್ಲಿ ಈ ಚಳಿಗಾಲ ಮತ್ತೆ ಅಂಗೈಯಗಲ ಬಿಳುಪು ಮೂಡಿದೆ. ಗೌಂಡಿಗೆ ಹೇಳಿ ಕಳಿಸಿದ್ದೇವೆ. ಸುಣ್ಣದ ಗುಂಡಿಯಲ್ಲಿ ನೀರು ಆರದಂತೆ ನೋಡಿಕೊಳ್ಳುವ ಕೆಲಸ, ನಾವಿಲ್ಲದ ಐದು ದಿನ, ಆ ಹುಡುಗರದು.